ಮೀನೇ ಇಲ್ಲದ ಕಡೆ ಬಲೆ ಎಳೆಯುವುದು ಯಾಕೆ? (ಕಡಲ ತಳದ ಮೀನಿನ ಸಮೀಕ್ಷೆ ಬಗ್ಗೆ)

ಸಿದ್ದಾಪುರ ತೋಟಗಾರ

ಎಲ್ಲರಿಗೂ ನಮಸ್ಕಾರ. ಕೊಡಗಿನವರ ಗುಂಪಿನಲ್ಲಿ ಕಡಲಿನ ವಿಷಯ ತೆಗೆಯುತ್ತಿದ್ದೇನೆ. ನಮ್ಮವರೇ ಕೆಲವರು ಮಂಗಳೂರು, ಕೊಚ್ಚಿ ಕಡೆ ಈ ಕೆಲಸದಲ್ಲಿದ್ದೀರಿ, ಅದಕ್ಕೇ ಕೇಳುತ್ತಿರುವುದು.

ನನ್ನ ಅಕ್ಕನ ಮಗ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ಈಚೆಗೆ ಒಂದು ಸಮೀಕ್ಷೆ ಹಡಗಿನಲ್ಲಿ ಹೋಗಿ ಬಂದ. ಸಮುದ್ರದ ತಳದಲ್ಲಿರುವ ಮೀನು ಎಷ್ಟಿದೆ ಅಂತ ಟ್ರಾಲ್ ಬಲೆ (ಹಡಗಿನ ಹಿಂದೆ ಕಟ್ಟಿ ತಳದಲ್ಲಿ ಎಳೆಯುವ ಬಲೆ) ಎಳೆದು ಲೆಕ್ಕ ಹಾಕುವ ಕೆಲಸ. ಬಲೆ ಎಲ್ಲಿ ಇಳಿಸಬೇಕು ಅನ್ನುವುದು ಹೊರಡುವ ಮೊದಲೇ ನಕ್ಷೆಯಲ್ಲಿ ನಿಗದಿಯಂತೆ. ಸ್ವಲ್ಪ ದೂರದಲ್ಲಿ ಬೋಟುಗಳು ಒಳ್ಳೆ ಮೀನು ಹಿಡಿಯುತ್ತಿದ್ದರೂ ಇವರು ಆ ಕಡೆ ತಿರುಗುವುದಿಲ್ಲ. ಗುರುತು ಹಾಕಿದ ಜಾಗದಲ್ಲೇ ಎಳೆಯುತ್ತಾರೆ. ಕೆಲವು ಸಲ ಬರುವುದು ನಾಲ್ಕು ಏಡಿ, ಒಂದಿಷ್ಟು ಕೆಸರು. ಅದನ್ನೂ ತೂಕ ಮಾಡಿ ಬರೆದುಕೊಳ್ಳುತ್ತಾರೆ.

ಡೀಸೆಲ್ ಬೆಲೆ ನಮಗೆಲ್ಲ ಗೊತ್ತು. ಮೀನು ಎಲ್ಲಿದೆ ಅಂತ ಧಕ್ಕೆಯ (ಮೀನು ಬಂದರಿನ) ತಾಂಡೇಲರಿಗೆ (ಬೋಟು ನಡೆಸುವವರಿಗೆ) ಗೊತ್ತಿರುವಾಗ ಅವರನ್ನೇ ಕೇಳಬಹುದಲ್ವಾ? ಇಷ್ಟು ದೊಡ್ಡ ಸಮುದ್ರದಲ್ಲಿ ಅಲ್ಲಲ್ಲಿ ಬಲೆ ಎಳೆದು ಇಷ್ಟು ಟನ್ ಇದೆ ಅಂತ ಹೇಳುವುದಾದರೂ ಹೇಗೆ? ಹುಡುಗ ಮತ್ತೆ ಹಡಗು ಹತ್ತಿದ್ದಾನೆ, ಫೋನ್ ಸಿಗುವುದಿಲ್ಲ. ಗೊತ್ತಿದ್ದವರು ಹೇಳಿ.

ಗೋಣಿಕೊಪ್ಪ ಸಂತೆ

ನನಗೂ ಇದೇ ಪ್ರಶ್ನೆ. ಉತ್ತರಕ್ಕೆ ಕಾಯುತ್ತೇನೆ.

ಧಕ್ಕೆಯಲ್ಲಿ ಕೊಡಗಿನವ

ನಾನು ಸೋಮವಾರಪೇಟೆಯವನು. ಮಂಗಳೂರಿನಲ್ಲಿ ಬೋಟುಗಳಿಗೆ ಐಸ್ ಕೊಡುವ ವ್ಯವಹಾರ. ತೋಟಗಾರರು ಕೇಳಿದ್ದು ನೂರಕ್ಕೆ ನೂರು ಸರಿ. ತಾಂಡೇಲನಿಗೆ ತಳ ಹೇಗಿದೆ, ಎಲ್ಲಿ ಕಲ್ಲು, ಎಲ್ಲಿ ಕೆಸರು, ಯಾವ ತಿಂಗಳು ಮದ್ಮಲ್ ಮೀನು ಎಲ್ಲಿ ಸೇರುತ್ತದೆ, ಎಲ್ಲ ಗೊತ್ತು. ಜಿಪಿಎಸ್‌ನಲ್ಲಿ ವರ್ಷಗಟ್ಟಲೆ ಗುರುತು ಇಟ್ಟುಕೊಂಡಿರುತ್ತಾನೆ. ಆ ತಿಳಿವಳಿಕೆಗೆ ಬೆಲೆ ಕೊಡದೆ ಖಾಲಿ ಜಾಗದಲ್ಲಿ ಬಲೆ ಎಳೆದು "ಮೀನು ಕಡಿಮೆಯಾಗಿದೆ" ಅಂತ ವರದಿ ಬರೆದರೆ ಹೊಟ್ಟೆಪಾಡು ಹೋಗುವುದು ಬೋಟಿನವರದ್ದು. ಈ ಕೋಪ ಧಕ್ಕೆಯಲ್ಲಿ ತುಂಬಾ ಜನರಿಗಿದೆ. ಇಲ್ಲಿ ಬರೆಯುವವರು ಅದನ್ನೂ ಅರ್ಥ ಮಾಡಿಕೊಳ್ಳಬೇಕು.

ನಾಪೋಕ್ಲು ಟು ಕೊಚ್ಚಿ

ತೋಟಗಾರ ಅಣ್ಣಾ, ನಾನು ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಬೋಟಿನವರ ಕೆಲಸ ಮೀನು ಹಿಡಿಯುವುದು. ಸಮೀಕ್ಷೆಯವರ ಕೆಲಸ ಮೀನು ಎಷ್ಟಿದೆ ಅಂತ ತಿಳಿಯುವುದು. ಎರಡಕ್ಕೂ ಬಲೆ ಬೇಕು, ಆದರೆ ಎರಡೂ ಒಂದೇ ಕೆಲಸ ಅಲ್ಲ. ಮೀನು ಕಡಿಮೆಯಾದಾಗ ತಳದ ಮೀನುಗಳು ಎಲ್ಲ ಕಡೆ ಸಮನಾಗಿ ತೆಳುವಾಗುವುದಿಲ್ಲ. ಒಳ್ಳೆ ಜಾಗಗಳಲ್ಲಿ ಗುಂಪಾಗಿ ಉಳಿದುಕೊಳ್ಳುತ್ತವೆ, ಸುಮಾರಾದ ಜಾಗಗಳು ಮೊದಲು ಖಾಲಿಯಾಗುತ್ತವೆ. ಒಳ್ಳೆಯ ತಾಂಡೇಲ ನೇರ ಆ ಗುಂಪಿನ ಮೇಲೇ ಬಲೆ ಹಾಕುತ್ತಾನೆ. ಅವನ ಬಲೆ ಕೊನೆಯವರೆಗೂ ತುಂಬುತ್ತದೆ. ಅವನ ಲೆಕ್ಕ ಮಾತ್ರ ನೋಡಿದರೆ ಸಮುದ್ರ ಚೆನ್ನಾಗಿದೆ ಅನ್ನಿಸುತ್ತದೆ. ಒಂದು ದಿನ ಆ ಗುಂಪೂ ಇರುವುದಿಲ್ಲ.

ಸುಮಾರಾದ ಜಾಗ ಖಾಲಿಯಾಗುತ್ತಿದೆ ಅಂತ ಗೊತ್ತಾಗಬೇಕಾದರೆ ಅಲ್ಲಿಗೆ ಹೋಗಿ ಬಲೆ ಇಳಿಸಲೇಬೇಕು. ಮೀನಿಲ್ಲ ಅಂತ ಗೊತ್ತಾಗುವುದೂ ಮಾಹಿತಿಯೇ. ನಿಮ್ಮ ಅಳಿಯ ತೂಕ ಮಾಡಿದ ಆ ನಾಲ್ಕು ಏಡಿಗಳು ಇಡೀ ಪ್ರಯಾಣದ ಮುಖ್ಯ ದಾಖಲೆಗಳಲ್ಲಿ ಒಂದು.

ಪೊನ್ನಂಪೇಟೆ ಮೇಷ್ಟ್ರು

ಕಾಫಿಯವರಿಗೆ ಇದು ಅರ್ಥವಾಗಬೇಕು. ಕಾಫಿ ಮಂಡಳಿಯವರು ಹೂ ಬಿಟ್ಟ ಮೇಲೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಬೆಳೆ ಅಂದಾಜು ಮಾಡುತ್ತಾರೆ. ರಸ್ತೆ ಪಕ್ಕದ ತುಂಬಿದ ಗಿಡಗಳನ್ನು ಮಾತ್ರ ಎಣಿಸಿ ಇಡೀ ಜಿಲ್ಲೆಗೆ ಗುಣಿಸಿದರೆ ಏನಾಗುತ್ತದೆ? ಬಡ ಗಿಡ, ಬರಡು ಗಿಡ, ಇಳಿಜಾರಿನ ಮೂಲೆಯ ಗಿಡ ಎಲ್ಲವೂ ಲೆಕ್ಕದೊಳಗೆ ಬರಬೇಕು.

ತೋಟಗಾರರೇ, ಎರಡನೇ ಪ್ರಶ್ನೆಗೆ ಬರುತ್ತೇನೆ. ಇದು ಎಂಟನೇ ಕ್ಲಾಸಿನ ಗಣಿತ. ಬಲೆಯ ಬಾಯಿ ನೀರಿನಡಿ 20 ಮೀಟರ್ ಅಗಲ ತೆರೆದಿದೆ ಅಂತಿಟ್ಟುಕೊಳ್ಳಿ. ಹಡಗು ಗಂಟೆಗೆ 3 ನಾಟಿಕಲ್ ಮೈಲಿ ಹೋಗುತ್ತಿದೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಒಂದು ಗಂಟೆ ಎಳೆದರೆ 5.556 ಕಿ.ಮೀ. ಉದ್ದ. ಅಗಲದಿಂದ ಗುಣಿಸಿ, 0.111 ಚದರ ಕಿ.ಮೀ. ಬರುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 27 ಎಕರೆ. ಅಷ್ಟು ತಳ ಗುಡಿಸಿದಾಗ 50 ಕೆ.ಜಿ. ಮೀನು ಬಂತು ಅಂದರೆ ಚದರ ಕಿ.ಮೀ.ಗೆ 450 ಕೆ.ಜಿ. ಆಯಿತು. ಹೀಗೆ ಬೇರೆ ಬೇರೆ ಆಳದಲ್ಲಿ ಎಳೆದು, ಪ್ರತಿ ಆಳದ ಪಟ್ಟಿಗೂ ಸರಾಸರಿ ತೆಗೆದು, ಆ ಪಟ್ಟಿಯ ಒಟ್ಟು ವಿಸ್ತೀರ್ಣದಿಂದ ಗುಣಿಸುತ್ತಾರೆ. ನಾನು ಕೊಟ್ಟ 20 ಮತ್ತು 50 ಉದಾಹರಣೆಗೆ ಮಾತ್ರ.

ಮಂಜಿನ ಊರು

ಬಲೆ ಎದುರು ಬಂದ ಎಲ್ಲ ಮೀನೂ ಒಳಗೆ ಹೋಗುತ್ತದಾ ಮೇಷ್ಟ್ರೇ? ಕೆಲವು ತಪ್ಪಿಸಿಕೊಳ್ಳುವುದಿಲ್ವಾ?

ನಾಪೋಕ್ಲು ಟು ಕೊಚ್ಚಿ

@ಮಂಜಿನ ಊರು ಈ ಇಡೀ ಶಾಸ್ತ್ರದ ಕಷ್ಟದ ಪ್ರಶ್ನೆ ಅದೇ. ಕೆಲವು ಮೀನು ಮೇಲಕ್ಕೆ ಹಾರಿ ತಪ್ಪಿಸಿಕೊಳ್ಳುತ್ತವೆ. ನಂಗು ತರಹದ ಚಪ್ಪಟೆ ಮೀನುಗಳು ಮರಳಿಗೆ ಅಂಟಿಕೊಂಡು ಬಲೆಯ ಕೆಳಗಿನ ಹಗ್ಗದ ಅಡಿಯಲ್ಲೇ ಉಳಿಯುತ್ತವೆ. ಸಣ್ಣವು ಬಲೆಯ ಕಣ್ಣಿನಿಂದ ನುಸುಳುತ್ತವೆ. ಅರ್ಧ ಮೀನು ಮಾತ್ರ ಸಿಕ್ಕಿತು ಅಂತ ಎಣಿಸಿದರೆ ಮೇಷ್ಟ್ರ 450 ಕೆ.ಜಿ. 900 ಆಗುತ್ತದೆ. ಹಾಗಾಗಿ "ಇಷ್ಟೇ ಟನ್ ಇದೆ" ಅನ್ನುವ ಸಂಖ್ಯೆಗಿಂತ "ಕಳೆದ ವರ್ಷಕ್ಕಿಂತ ಜಾಸ್ತಿಯೋ ಕಡಿಮೆಯೋ" ಅನ್ನುವುದು ಹೆಚ್ಚು ಗಟ್ಟಿ. ತಪ್ಪಿಸಿಕೊಳ್ಳುವ ಪ್ರಮಾಣ ಪ್ರತಿ ವರ್ಷ ಸುಮಾರಾಗಿ ಒಂದೇ ಇದ್ದರೆ ಹೋಲಿಕೆ ನಡೆಯುತ್ತದೆ. ಅದಕ್ಕೇ ಅದೇ ಬಲೆ, ಅದೇ ವೇಗ, ಅಷ್ಟೇ ಹೊತ್ತು, ಅದೇ ಕಾಲ ಇರಬೇಕು ಅಂತ ಹಠ ಹಿಡಿಯುವುದು. ಹಗಲು ತಳದಲ್ಲಿದ್ದು ರಾತ್ರಿ ಮೇಲೇಳುವ ಜಾತಿಗಳಿವೆ. ಒಂದು ವರ್ಷ ಹಗಲು, ಇನ್ನೊಂದು ವರ್ಷ ರಾತ್ರಿ ಎಳೆದರೆ ಕತೆ ಮುಗಿಯಿತು.

ಧಕ್ಕೆಯಲ್ಲಿ ಕೊಡಗಿನವ

ಹಳೇ ಬಲೆ ಇಟ್ಟುಕೊಂಡೇ ಎಳೆಯುತ್ತೀರಿ ಅಂತ ಬೋಟಿನವರು ಹೇಳುವುದು ಇದನ್ನೇ. ಈಗಿನ ಬೋಟುಗಳ ಎಂಜಿನ್, ಬಲೆ, ಫಿಶ್ ಫೈಂಡರ್ ಎಲ್ಲ ಎಷ್ಟೋ ಮುಂದೆ ಹೋಗಿವೆ. ಒಂದು ಮಾಮೂಲಿ ಬೋಟು ಹಿಡಿಯುವಷ್ಟೂ ಸಮೀಕ್ಷೆ ಹಡಗು ಹಿಡಿಯುವುದಿಲ್ಲ. ಅಂಥವರ ಮಾತು ಹೇಗೆ ನಂಬುವುದು?

ನಾಪೋಕ್ಲು ಟು ಕೊಚ್ಚಿ

ಅಣ್ಣಾ, ನಿಮ್ಮ ಮಾತಿನಲ್ಲೇ ಉತ್ತರ ಇದೆ. ಬೋಟಿನ ಶಕ್ತಿ ವರ್ಷ ವರ್ಷ ಜಾಸ್ತಿಯಾಗುತ್ತಿದ್ದರೆ, ಹಿಡಿದ ಮೀನು ಅಷ್ಟೇ ಇದ್ದರೂ ಸಮುದ್ರದಲ್ಲಿ ಕಡಿಮೆಯಾಗಿರಬಹುದು. ಬದಲಾಗದ ಒಂದು ಅಳತೆ ಬೇಕು. ಹೆಚ್ಚು ಹಿಡಿಯುವುದು ಸಮೀಕ್ಷೆಯ ಗುರಿಯೇ ಅಲ್ಲ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕತೆ ಹೇಳುತ್ತೇನೆ. ಅಲ್ಲಿ ಕಾಡ್ ಅನ್ನುವ ತಳದ ಮೀನು ನೂರಾರು ವರ್ಷದಿಂದ ಊರೂರನ್ನೇ ಸಾಕಿತ್ತು. 1980ರ ದಶಕದಲ್ಲಿ ದೊಡ್ಡ ಟ್ರಾಲರ್‌ಗಳ ಗಂಟೆವಾರು ಹಿಡಿತ ಚೆನ್ನಾಗಿಯೇ ಇತ್ತು. ಸಂಶೋಧನಾ ಹಡಗಿನ ಸಂಖ್ಯೆ ಅಷ್ಟು ಚೆನ್ನಾಗಿರಲಿಲ್ಲ. ಎರಡನ್ನೂ ಸೇರಿಸಿ ಮಾಡಿದ ಅಂದಾಜು ಇದ್ದದ್ದಕ್ಕಿಂತ ಜಾಸ್ತಿ ಬಂತು, ಹಿಡಿಯಲು ಬಿಟ್ಟ ಪಾಲೂ ಜಾಸ್ತಿಯಾಯಿತು. ಕರಾವಳಿಯ ಸಣ್ಣ ದೋಣಿಯವರು ಮೀನು ಸಣ್ಣದಾಗಿದೆ, ಸಿಗುತ್ತಿಲ್ಲ ಅಂತ ಹೇಳುತ್ತಲೇ ಇದ್ದರು. 1992ರ ಜುಲೈನಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಆ ನಿಷೇಧ ತೆಗೆದದ್ದು 2024ರಲ್ಲಿ.

ಧಕ್ಕೆಯಲ್ಲಿ ಕೊಡಗಿನವ

ನೋಡಿ, ಸಣ್ಣ ದೋಣಿಯವರು ಹೇಳಿದ್ದು ಸರಿ ಇತ್ತು ಅಂತ ನೀವೇ ಬರೆದಿದ್ದೀರಿ. ಅವರನ್ನು ಕೇಳಿದ್ದರೆ ಸಾಕಿತ್ತು!

ನಾಪೋಕ್ಲು ಟು ಕೊಚ್ಚಿ

ಕೇಳಲೇಬೇಕಿತ್ತು, ಒಪ್ಪುತ್ತೇನೆ. ಆದರೆ ಆಗ ಎರಡು ಕಡೆಯೂ ಮೀನುಗಾರರೇ ಇದ್ದರು. ದೊಡ್ಡ ಟ್ರಾಲರ್‌ನವರು ಮೀನಿದೆ ಅಂದರು, ಸಣ್ಣ ದೋಣಿಯವರು ಇಲ್ಲ ಅಂದರು. ಯಾರ ಪಾಲಿಗೂ ಸೇರದ ಅಳತೆ ಬೇಕಾಗುವುದು ಇಂಥ ಕಡೆಯೇ.

ನಿವೃತ್ತ ನಾವಿಕ, ವಿರಾಜಪೇಟೆ

ನಾನು ನೌಕಾಪಡೆಯಲ್ಲಿ ಇದ್ದವನು. ಮೀನಿನ ಬಗ್ಗೆ ಗೊತ್ತಿಲ್ಲ, ಹಡಗಿನ ಬಗ್ಗೆ ಗೊತ್ತು. "ಅದೇ ವೇಗ" ಅಂತ ಬರೆಯುವುದು ಸುಲಭ. ಗಾಳಿ ಎದುರು ಇದ್ದಾಗ, ಪ್ರವಾಹ ಹಿಂದಿನಿಂದ ತಳ್ಳುವಾಗ, ನೆಲದ ಮೇಲಿನ ವೇಗ ಮತ್ತು ನೀರಿನ ಒಳಗಿನ ವೇಗ ಬೇರೆ ಬೇರೆ. ಬಲೆಗೆ ಕಟ್ಟಿದ ಎರಡು ಉಕ್ಕಿನ ತಂತಿಗಳನ್ನು ಸಮನಾಗಿ ಬಿಟ್ಟಿಲ್ಲದಿದ್ದರೆ ಬಲೆ ಓರೆಯಾಗುತ್ತದೆ. ಇಲ್ಲಿ ತಪ್ಪಾದರೆ ಮೇಷ್ಟ್ರ ಗುಣಾಕಾರ ಎಷ್ಟು ಸರಿ ಇದ್ದರೂ ಪ್ರಯೋಜನ ಇಲ್ಲ.

ಅಮೆರಿಕದಲ್ಲಿ ಹೀಗೇ ಆಗಿತ್ತು. ಆಲ್ಬಟ್ರಾಸ್ 4 ಅನ್ನುವ ಸರ್ಕಾರಿ ಸಮೀಕ್ಷೆ ಹಡಗಿನ ತಂತಿಗಳ ಅಳತೆ ಗುರುತು ತಪ್ಪಿತ್ತು. ಒಂದು ಕಡೆಯ ತಂತಿ ಇನ್ನೊಂದಕ್ಕಿಂತ ಉದ್ದ ಹೋಗುತ್ತಿತ್ತು. 2002ರಲ್ಲಿ ಅದು ಹೊರಗೆ ಬಂದಾಗ ಮೀನುಗಾರರು ದೊಡ್ಡ ಗಲಾಟೆ ಮಾಡಿದರು. ಮಾಡಬೇಕಾದ್ದೇ.

ಧಕ್ಕೆಯಲ್ಲಿ ಕೊಡಗಿನವ

ಸರ್, ಇದನ್ನು ಧಕ್ಕೆಯಲ್ಲಿ ಹೇಳಿದರೆ ನಾಳೆಯೇ ಸಭೆ ಸೇರುತ್ತದೆ.

ನಾಪೋಕ್ಲು ಟು ಕೊಚ್ಚಿ

ಅರ್ಧ ಕತೆ ಹೇಳಬೇಡಿ, ಪೂರ್ತಿ ಹೇಳಿ. ತಪ್ಪು ಗೊತ್ತಾದ ಮೇಲೆ ಸುಮ್ನೆ ಬಿಡಲಿಲ್ಲ. ತಂತಿ ಸಮ ಇದ್ದಾಗ ಮತ್ತು ಇಲ್ಲದಾಗ ಹಿಡಿತ ಎಷ್ಟು ಬದಲಾಗುತ್ತದೆ ಅಂತ ಪರೀಕ್ಷೆ ಮಾಡಿದರು. ವ್ಯತ್ಯಾಸ ಜನ ಹೆದರಿದಷ್ಟು ಇರಲಿಲ್ಲ. ಆ ಹಡಗು ನಿವೃತ್ತಿಯಾಗಿ ಹೊಸ ಹಡಗು ಬರುವಾಗ 2008ರಲ್ಲಿ ಎರಡನ್ನೂ ಅಕ್ಕಪಕ್ಕ ಓಡಿಸಿ ನೂರಾರು ಸಲ ಜೊತೆಯಲ್ಲಿ ಬಲೆ ಎಳೆದು ಹೋಲಿಸಿದರು. ಹಳೇ ಹಡಗಿನ ಸಂಖ್ಯೆಯನ್ನು ಹೊಸದಕ್ಕೆ ಹೊಂದಿಸಲು ಅದು ಬೇಕೇ ಬೇಕು. ಇಲ್ಲದಿದ್ದರೆ ದಶಕಗಳ ದಾಖಲೆ ಅಲ್ಲಿಗೇ ಕಡಿದು ಹೋಗುತ್ತದೆ.

ಕಾಚಂಪುಳಿ

ಇಷ್ಟೆಲ್ಲ ಎಳೆದ ಮೀನನ್ನು ಆಮೇಲೆ ಏನು ಮಾಡುತ್ತಾರೆ? ಸಮುದ್ರಕ್ಕೆ ಬಿಸಾಡುತ್ತಾರಾ?

ನಾಪೋಕ್ಲು ಟು ಕೊಚ್ಚಿ

@ಕಾಚಂಪುಳಿ ಅಕ್ಕ, ಮೊದಲು ಪೂರ್ತಿ ತೂಕ. ಆಮೇಲೆ ಜಾತಿವಾರು ಬೇರ್ಪಡಿಸುವುದು. ಮದ್ಮಲ್, ಅರಣೆ ಮೀನು, ಕಲ್ಲೂರು, ನಂಗು, ತೊರಕೆ, ಸಿಗಡಿ, ಏಡಿ, ಬೊಂಡಾಸ್ ಎಲ್ಲ ಬೇರೆ ಬೇರೆ ಬುಟ್ಟಿ. ಪ್ರತಿ ಜಾತಿಯಿಂದ ಒಂದಷ್ಟು ತೆಗೆದು ಉದ್ದ ಅಳೆಯುತ್ತಾರೆ. ಗಂಡೋ ಹೆಣ್ಣೋ, ಮೊಟ್ಟೆ ಬಲಿತಿದೆಯೋ, ಹೊಟ್ಟೆಯಲ್ಲಿ ಏನಿದೆ ಅಂತ ನೋಡುತ್ತಾರೆ. ತಲೆಯೊಳಗಿನ ಕಿವಿಯ ಕಲ್ಲನ್ನೂ ತೆಗೆಯುವುದುಂಟು. ಕಲ್ಲೂರಿನದ್ದು ತುಂಬಾ ದೊಡ್ಡದಿರುತ್ತದೆ. ಚಳಿ ದೇಶದ ಮೀನುಗಳಲ್ಲಿ ಅದರ ಗೆರೆ ಎಣಿಸಿ ವಯಸ್ಸು ಹೇಳುತ್ತಾರೆ. ನಮ್ಮ ಬಿಸಿ ಸಮುದ್ರದಲ್ಲಿ ವರ್ಷದ ಗೆರೆ ಅಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಅದಕ್ಕೇ ಇಲ್ಲಿ ಉದ್ದದ ಲೆಕ್ಕವೇ ಮುಖ್ಯ ಆಧಾರ. ಒಂದು ಜಾತಿಯ ಸರಾಸರಿ ಉದ್ದ ವರ್ಷ ವರ್ಷ ಇಳಿಯುತ್ತಿದ್ದರೆ ದೊಡ್ಡವು ಉಳಿಯುತ್ತಿಲ್ಲ ಅಂತ ಅರ್ಥ.

ಗೋಣಿಕೊಪ್ಪ ಸಂತೆ

ಇದು ಸಂತೆಯಲ್ಲೂ ಕಾಣುತ್ತದೆ. ಮದ್ಮಲ್ (ನಮ್ಮಲ್ಲಿ ಮಲಯಾಳಿ ವ್ಯಾಪಾರಿಗಳು ಕಿಳಿಮೀನ್ ಅನ್ನುತ್ತಾರೆ) ಮೊದಲು ಅಂಗೈಗಿಂತ ಉದ್ದ ಬರುತ್ತಿತ್ತು. ಈಗ ಬೆರಳುದ್ದದ್ದನ್ನೂ ರಾಶಿ ಹಾಕಿ ಮಾರುತ್ತಾರೆ. ಕೊಳ್ಳುವವರು ಇದ್ದಾರೆ, ಅದೇ ಬೇಜಾರು.

ಸಂಪಾಜೆ ಲಾರಿ

ಅಷ್ಟು ಸಣ್ಣದು ಕೊಡಗಿಗೆ ಬರುವುದು ಕಡಿಮೆ. ಜಾಸ್ತಿ ಹೋಗುವುದು ಮೀನು ಹುಡಿ ಮಾಡುವ ಕಾರ್ಖಾನೆಗೆ. ನಾನು ಮಂಗಳೂರಿನಿಂದ ಘಾಟಿ ಹತ್ತಿಸುವವನು, ಕಣ್ಣಾರೆ ನೋಡುತ್ತೇನೆ. ಟ್ರಾಲ್ ಬೋಟಿನಲ್ಲಿ ತಿನ್ನುವ ಮೀನಿನ ಜೊತೆ ಬರುವ ಮರಿಗಳು ಟನ್‌ಗಟ್ಟಲೆ ಅಲ್ಲಿಗೆ ಹೋಗುತ್ತವೆ. ಮರಿ ಹೋದರೆ ಮುಂದಿನ ವರ್ಷ ಏನು ಸಿಗುತ್ತದೆ?

ನಾಪೋಕ್ಲು ಟು ಕೊಚ್ಚಿ

ಕೇರಳ 2015ರಲ್ಲಿ ಜಾತಿವಾರು ಕನಿಷ್ಠ ಉದ್ದದ ನಿಯಮ ತಂದಿತು. ಮತ್ತಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಹೀಗೆ. ಅದಕ್ಕಿಂತ ಸಣ್ಣದನ್ನು ಹಿಡಿದು ತರುವಂತಿಲ್ಲ. ಇಂಥ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಎಷ್ಟು ಉದ್ದದಲ್ಲಿ ಮೊಟ್ಟೆ ಬಲಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಮೀನಿನ ಹೊಟ್ಟೆ ಸೀಳಿ ನೋಡಿ ಬರೆದ ಸಾವಿರಾರು ದಾಖಲೆ ಇಲ್ಲದೆ ಆ ಸಂಖ್ಯೆ ಹುಟ್ಟುವುದಿಲ್ಲ.

ಕಾಚಂಪುಳಿ

ಮತ್ತಿ ಅಂದಿರಿ, ಅದಕ್ಕೇ ಹೇಳುತ್ತೇನೆ. ಮತ್ತಿ ಸಾರಿಗೆ ಹುಣಸೆ ಹಾಕುವವರು ದಯವಿಟ್ಟು ಒಮ್ಮೆ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿ ನೋಡಿ. ಕೊನೆಯಲ್ಲಿ ಸ್ವಲ್ಪವೇ ಸಾಕು. ಅಕ್ಕಿ ಒಟ್ಟಿ ಜೊತೆ ಮಾರನೇ ದಿನ ಇನ್ನೂ ರುಚಿ.

ಮಂಜಿನ ಊರು

ಅಕ್ಕ, ಮಳೆಗಾಲದಲ್ಲಿ ಗದ್ದೆಯಲ್ಲಿ ಹಿಡಿದ ಕೊಯ್ಲೆ ಮೀನಿಗೆ ಯಾವ ಕಡಲ ಮೀನೂ ಸಾಟಿ ಇಲ್ಲ.

ಸಿದ್ದಾಪುರ ತೋಟಗಾರ

ಅಡುಗೆಗೆ ಬೇರೆ ಚರ್ಚೆ ತೆಗೆಯೋಣ, ನಾನೂ ಬರುತ್ತೇನೆ. ಇಲ್ಲಿ ಇನ್ನೊಂದು ಕೇಳಬೇಕು. ಈಗ ಕ್ಯಾಮೆರಾ, ಸೋನಾರ್ ಎಲ್ಲ ಇದೆ. ಶಬ್ದದ ಅಲೆ ಬಿಟ್ಟು ಮೀನು ಎಣಿಸಬಹುದು ಅಂತ ಓದಿದ್ದೇನೆ. ಹಾಗಿದ್ದರೂ ಬಲೆಯೇ ಯಾಕೆ?

ನಿವೃತ್ತ ನಾವಿಕ, ವಿರಾಜಪೇಟೆ

ನಡುನೀರಿನ ಗುಂಪಿಗೆ ಸೋನಾರ್ ಚೆನ್ನಾಗಿ ಕೆಲಸ ಮಾಡುತ್ತದೆ. ತಳಕ್ಕೆ ಅಂಟಿಕೊಂಡ ಮೀನಿಗೆ ಇಲ್ಲ. ನೆಲದಿಂದ ಬರುವ ಪ್ರತಿಧ್ವನಿ ತುಂಬಾ ಜೋರು, ಅದರಲ್ಲಿ ಮೀನಿನದ್ದು ಮುಚ್ಚಿ ಹೋಗುತ್ತದೆ.

ನಾಪೋಕ್ಲು ಟು ಕೊಚ್ಚಿ

ಸರ್ ಹೇಳಿದ್ದು ಸರಿ. ಕ್ಯಾಮೆರಾಕ್ಕೆ ನಮ್ಮ ಕರಾವಳಿಯ ಕೆಸರು ನೀರೇ ದೊಡ್ಡ ಅಡ್ಡಿ. ಮೊಟ್ಟೆ ಬಲಿತಿದೆಯಾ, ಹೊಟ್ಟೆಯಲ್ಲಿ ಏನಿದೆ ಅಂತ ಚಿತ್ರದಲ್ಲಿ ಕಾಣುವುದೂ ಇಲ್ಲ.

ಹಸಿರು ಕುಶಾಲನಗರ

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ತಳದ ಟ್ರಾಲ್ ಬಲೆ ಸಮುದ್ರದ ನೆಲವನ್ನೇ ಕೆರೆಯುತ್ತದೆ. ಬಲೆಯ ಬಾಯಿ ತೆರೆದಿಡುವ ಭಾರದ ಬೋರ್ಡು, ಸರಪಳಿ ಎಲ್ಲ ಎಳೆದುಕೊಂಡು ಹೋಗುವಾಗ ಹವಳ, ಸ್ಪಂಜು, ಹುಳ ಎಲ್ಲ ಹಾಳು. ಮೀನು ಉಳಿಸಲು ಮಾಡುವ ಸಮೀಕ್ಷೆಯೇ ನೆಲ ಕೆಡಿಸಿದರೆ ಹೇಗೆ? ಕಾಡಿನಲ್ಲಿ ಹುಲಿ ಎಣಿಸಲು ಯಾರೂ ಹುಲಿ ಕೊಲ್ಲುವುದಿಲ್ಲ.

ಧಕ್ಕೆಯಲ್ಲಿ ಕೊಡಗಿನವ

ಶುರುವಾಯಿತು. ಟ್ರಾಲ್ ಅಂದರೆ ಸಾಕು, ಬೋಟಿನವರೆಲ್ಲ ಕಳ್ಳರು ಅನ್ನುವ ಹಾಗೆ ಮಾತಾಡುತ್ತೀರಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಟ್ಟಿ ಕೂರುವವರು ಅವರೇ ಅಲ್ವಾ? ಆ ಎರಡು ತಿಂಗಳು ಮನೆ ಹೇಗೆ ನಡೆಯುತ್ತದೆ ಅಂತ ಯಾರು ಕೇಳುತ್ತಾರೆ?

ಹಸಿರು ಕುಶಾಲನಗರ

ನಾನು ಬೋಟಿನವರನ್ನು ಬೈದಿಲ್ಲ. ವಿಜ್ಞಾನದ ಹೆಸರಿನಲ್ಲಿ ಮಾಡುವ ಕೆರೆತವನ್ನು ಕೇಳಿದೆ.

ನಾಪೋಕ್ಲು ಟು ಕೊಚ್ಚಿ

ನ್ಯಾಯವಾದ ಪ್ರಶ್ನೆ. ಸಮೀಕ್ಷೆಯ ಎಳೆತವೂ ನೆಲ ಕೆರೆಯುತ್ತದೆ, ಮೀನೂ ಸಾಯುತ್ತದೆ. ಆದರೆ ಸಮೀಕ್ಷೆ ಹಡಗು ಒಂದು ಜಾಗದಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಎಳೆದು ಮುಂದೆ ಹೋಗುತ್ತದೆ. ಸಾವಿರಾರು ಬೋಟುಗಳು ದಿನವಿಡೀ ಎಳೆಯುವ ಪಕ್ಕದಲ್ಲಿ ಅದು ತುಂಬಾ ಸಣ್ಣದು. ಯುರೋಪಿನ ಉತ್ತರ ಸಮುದ್ರದಲ್ಲಿ ಎಳೆತವನ್ನು ಅರ್ಧ ಗಂಟೆಗೆ ನಿಲ್ಲಿಸುತ್ತಾರೆ. ಅಲ್ಲಿ ಸಮುದ್ರವನ್ನೇ ಚೌಕ ಮಾಡಿ, ಒಂದೊಂದು ಚೌಕದಲ್ಲಿ ಸಾಮಾನ್ಯವಾಗಿ ಎರಡು ದೇಶಗಳ ಹಡಗು ಎಳೆಯುತ್ತವೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಳೆ ನೋಡಲು ಸಿಗುತ್ತದೆ. ಹವಳ ಇರುವ ಕಡೆ, ರಕ್ಷಿತ ಜಾಗಗಳಲ್ಲಿ ಬಲೆ ಬೇಡ, ಅಲ್ಲಿ ಕ್ಯಾಮೆರಾ ಬಳಸಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಬೆಂಬಲ ಇದೆ.

ವಾಲ್ನೂರು ಹೊಳೆ

ಹೊಳೆ ಮೀನಿನವನಾಗಿ ಒಂದು ಮಾತು. ಇಲ್ಲಿ ಬಲೆ ಎಳೆಯುವ ಪ್ರಶ್ನೆಯೇ ಇಲ್ಲ. ಕಾವೇರಿಯ ಗೂನು ಬೆನ್ನಿನ ಮಹಶೀರ್ ಕತೆ ನಿಮಗೆ ಗೊತ್ತಿರಬೇಕು. ನಮ್ಮ ಜಿಲ್ಲೆಯಿಂದ ಎಷ್ಟೋ ಕೆಳಗೆ, ಗಾಳಿಬೋರೆ ಕಡೆ ಗಾಳ ಹಾಕಿ ಹಿಡಿದು ಬಿಡುವವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆ ಇತ್ತು. ಅದನ್ನು ಆಮೇಲೆ ವಿಜ್ಞಾನಿಗಳು ಬಿಡಿಸಿ ನೋಡಿದರು. ಒಟ್ಟು ಮಹಶೀರ್ ಸಿಗುವುದು ಜಾಸ್ತಿಯಾಗಿತ್ತು. ಎಲ್ಲರೂ ಖುಷಿ ಪಡಬೇಕಿತ್ತು ಅಲ್ವಾ? ಜಾತಿವಾರು ನೋಡಿದಾಗ ಜಾಸ್ತಿಯಾಗಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ನಮ್ಮ ಗೂನು ಬೆನ್ನಿನದ್ದು ಕುಸಿದು ಹೋಗಿತ್ತು, ಮರಿಗಳೇ ಕಾಣುತ್ತಿರಲಿಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು.

ಅಂದರೆ ಹಿಡಿಯುವವರ ದಾಖಲೆಯಿಂದಲೂ ಸತ್ಯ ಹೊರಗೆ ಬರುತ್ತದೆ. ಜಾತಿ, ಅಳತೆ, ಹೊತ್ತು ಎಲ್ಲ ತಪ್ಪದೆ ಬರೆದಿರಬೇಕು.

ಧಕ್ಕೆಯಲ್ಲಿ ಕೊಡಗಿನವ

ಇದು ನನಗೆ ಬೇಕಾಗಿದ್ದ ಮಾತು. ಬೋಟಿನವರೂ ಬರೆಯಬಹುದು.

ನಾಪೋಕ್ಲು ಟು ಕೊಚ್ಚಿ

ಬರೆದರೆ ತುಂಬಾ ಉಪಯೋಗ. ಈಗಲೂ ಬಂದರಿನ ಲೆಕ್ಕ ನಡೆಯುತ್ತಿದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1947ರಲ್ಲಿ ಶುರುವಾದದ್ದು, ಅದರ ಕೇಂದ್ರ ಮಂಗಳೂರಿನಲ್ಲೂ ಇದೆ. ಅವರು ಮೀನು ಇಳಿಸುವ ಜಾಗಗಳಲ್ಲಿ ಕೆಲವನ್ನು, ಕೆಲವು ದಿನಗಳನ್ನು ಆರಿಸಿಕೊಂಡು ಬೋಟುಗಳ ಲೆಕ್ಕ ತೆಗೆದುಕೊಂಡು ಇಡೀ ರಾಜ್ಯದ ಅಂದಾಜು ಮಾಡುತ್ತಾರೆ. ಸಮುದ್ರದಲ್ಲೇ ಹೋಗಿ ಎಳೆಯುವುದು ಬೇರೆ ಸಂಸ್ಥೆ, ಭಾರತೀಯ ಮೀನುಗಾರಿಕಾ ಸಮೀಕ್ಷೆ. ಅದರ ಮೂಲ 1946ರಲ್ಲಿ ಮುಂಬೈಯಲ್ಲಿ ಶುರುವಾದ ಆಳ ಸಮುದ್ರ ಮೀನುಗಾರಿಕೆ ಕೇಂದ್ರ, ಈ ಹೆಸರು ಬಂದದ್ದು 1983ರಲ್ಲಿ. ನಮ್ಮ ಕರಾವಳಿ ಅವರ ಗೋವಾದ ಮರ್ಮಗೋವಾ ಕೇಂದ್ರಕ್ಕೆ ಸೇರುತ್ತದೆ.

ಬಂದರಿನ ಲೆಕ್ಕ ಏನು ಹಿಡಿದರು ಅಂತ ಹೇಳುತ್ತದೆ. ಹಡಗಿನ ಲೆಕ್ಕ ಏನು ಉಳಿದಿದೆ ಅಂತ ಹೇಳುತ್ತದೆ. ಎರಡೂ ಬೇಕು.

ಪೊನ್ನಂಪೇಟೆ ಮೇಷ್ಟ್ರು

ದೇಶದ ಒಟ್ಟು ಅಂದಾಜು ಸಂಖ್ಯೆ ಇದೆಯಲ್ಲ, ಅದನ್ನೂ ಹೇಳಿ.

ನಾಪೋಕ್ಲು ಟು ಕೊಚ್ಚಿ

ಮೇಷ್ಟ್ರೇ, ನಮ್ಮ ಆರ್ಥಿಕ ವಲಯ (ಮೀನು ಹಿಡಿಯುವ ಹಕ್ಕು ನಮ್ಮ ದೇಶಕ್ಕಿರುವ ಸಮುದ್ರ) ಸುಮಾರು 20 ಲಕ್ಷ ಚದರ ಕಿ.ಮೀ. ಅಲ್ಲಿಂದ ವರ್ಷಕ್ಕೆ ಎಷ್ಟು ಹಿಡಿಯಬಹುದು ಅನ್ನುವ ಅಂದಾಜು 2011ರಲ್ಲಿ 44.1 ಲಕ್ಷ ಟನ್ ಇತ್ತು, 2018ರಲ್ಲಿ 53.1 ಲಕ್ಷ ಟನ್ ಆಯಿತು. ತಳದ ಮೀನು, ಮೇಲಿನ ಮೀನು ಎಲ್ಲ ಸೇರಿ. ಅಂದಾಜು ಏರಿತು ಅಂತ ಸಮುದ್ರದಲ್ಲಿ ಮೀನು ಅಷ್ಟು ಹೆಚ್ಚಾಯಿತು ಅಂತ ತಿಳಿಯಬಾರದು. ಲೆಕ್ಕದ ವಿಧಾನ, ಮಾಹಿತಿ ಎರಡೂ ಬದಲಾದಾಗ ಸಂಖ್ಯೆಯೂ ಬದಲಾಗುತ್ತದೆ.

ಸಂಪಾಜೆ ಲಾರಿ

ಒಂದು ಸಣ್ಣ ಅನುಮಾನ. ನೇತ್ರಾಣಿ ದ್ವೀಪದ ಹತ್ತಿರ ಎಲ್ಲ ಕಲ್ಲು. ಅಲ್ಲಿ ಬಲೆ ಎಳೆದರೆ ಹರಿದು ಹೋಗುತ್ತದೆ. ಕಲ್ಲಿನ ಸಂದಿಯ ಮೀನಿನ ಲೆಕ್ಕ ಹೇಗೆ?

ನಾಪೋಕ್ಲು ಟು ಕೊಚ್ಚಿ

ಬರುವುದಿಲ್ಲ. ಟ್ರಾಲ್ ಸಮೀಕ್ಷೆಯ ದೊಡ್ಡ ಕೊರತೆ ಅದು. ಮರಳು, ಕೆಸರಿನ ತಳದ ಮೀನಿಗೆ ಮಾತ್ರ ಈ ಲೆಕ್ಕ. ಕಲ್ಲಿನ ಮೀನಿಗೆ ಗಾಳ, ಪಂಜರ, ಮುಳುಗಿ ಎಣಿಸುವುದು, ಹೀಗೆ ಬೇರೆ ದಾರಿ ಬೇಕು.

ನಮ್ಮ ಕಡಲಿನಲ್ಲಿ ಇನ್ನೊಂದು ತೊಡಕೂ ಇದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಆಳದಿಂದ ತಣ್ಣನೆಯ, ಆಮ್ಲಜನಕ ತೀರಾ ಕಡಿಮೆ ಇರುವ ನೀರು ನಮ್ಮ ಕರಾವಳಿಯ ತಳಕ್ಕೆ ಏರಿ ಬರುತ್ತದೆ. ಉಸಿರು ಕಟ್ಟುವ ಆ ನೀರಿನಿಂದ ತಳದ ಮೀನುಗಳು ಬೇರೆ ಕಡೆ ಸರಿಯುತ್ತವೆ. ಆಗ ಎಳೆದರೆ ಖಾಲಿ ಬಲೆ ಬರಬಹುದು, ಮೀನು ಸತ್ತಿದೆ ಅಂತಲ್ಲ. ಅದಕ್ಕೇ ಬಲೆಯ ಜೊತೆ ತಳದ ನೀರಿನ ಉಷ್ಣತೆ, ಉಪ್ಪು, ಆಮ್ಲಜನಕವನ್ನೂ ಅಳೆಯಬೇಕು.

ಮಂಜಿನ ಊರು

ಹಾಗಾದರೆ ಮೀನು ಇಲ್ಲ ಅಂತ ಬಂದಾಗ ಸತ್ತಿದೆಯೋ ಬೇರೆ ಕಡೆ ಹೋಗಿದೆಯೋ ಅಂತ ಹೇಗೆ ಗೊತ್ತಾಗುತ್ತದೆ? ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ನಾಪೋಕ್ಲು ಟು ಕೊಚ್ಚಿ

ಅಲಾಸ್ಕಾದ ಬೇರಿಂಗ್ ಸಮುದ್ರದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿ 1982ರಿಂದ ಒಂದೇ ಕ್ರಮದ ತಳ ಸಮೀಕ್ಷೆ ಇದೆ. 20 ನಾಟಿಕಲ್ ಮೈಲಿಗೊಂದು ಜಾಗ, ಒಟ್ಟು 376. ಪ್ರತಿ ಬೇಸಿಗೆ ಅದೇ ಜಾಗಗಳು. 2018ರಲ್ಲಿ ಹಿಮ ಏಡಿ ತುಂಬಾ ಇತ್ತು. 2020ರಲ್ಲಿ ಕೋವಿಡ್‌ನಿಂದ ಸಮೀಕ್ಷೆ ನಡೆಯಲಿಲ್ಲ. 2021ರಲ್ಲಿ ಬಲೆ ಎಳೆದಾಗ ಏಡಿ ತೀರಾ ಕಡಿಮೆ. ನಡುವೆ ಮಾಯವಾದದ್ದು ಸುಮಾರು 1,000 ಕೋಟಿ ಏಡಿ ಅಂತ ಆಮೇಲೆ ಲೆಕ್ಕ ಸಿಕ್ಕಿತು. ಬೇರೆ ಕಡೆ ಹೋಗಿರಬೇಕು ಅಂತ ಕೆಲವರು ವಾದಿಸಿದರು. ಉತ್ತರಕ್ಕೂ ಆಳಕ್ಕೂ ಹುಡುಕಿದರು, ಅಷ್ಟು ಏಡಿ ಎಲ್ಲೂ ಸಿಗಲಿಲ್ಲ. ಹಳೇ ಸಮೀಕ್ಷೆಗಳಲ್ಲಿ ಅಳೆದಿಟ್ಟ ನೀರಿನ ಉಷ್ಣತೆ, ಏಡಿಯ ತೂಕ ಎಲ್ಲ ತೆಗೆದು ನೋಡಿದಾಗ ಕಾರಣ ಹೊಳೆಯಿತು. 2018 ಮತ್ತು 2019ರ ಕಡಲ ಬಿಸಿಯಲ್ಲಿ ಏಡಿಗೆ ಜಾಸ್ತಿ ಆಹಾರ ಬೇಕಾಯಿತು, ಅಷ್ಟು ಸಿಗಲಿಲ್ಲ. ಹಸಿದು ಸತ್ತವು. 2022ರ ಅಕ್ಟೋಬರಿನಲ್ಲಿ ಆ ಏಡಿ ಹಿಡಿಯುವುದನ್ನೇ ಮೊದಲ ಬಾರಿಗೆ ನಿಲ್ಲಿಸಿದರು.

ಏಡಿ ಇದ್ದ ಜಾಗದಲ್ಲಿ ಮಾತ್ರ ಎಳೆದಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ. ಇಲ್ಲದ ಜಾಗದ ದಾಖಲೆಯೂ ಇದ್ದದ್ದರಿಂದ ಎಲ್ಲಿಗೂ ಹೋಗಿಲ್ಲ ಅಂತ ಹೇಳಲು ಸಾಧ್ಯವಾಯಿತು.

ಸಿದ್ದಾಪುರ ತೋಟಗಾರ

ಈಗ ಅರ್ಥವಾಯಿತು. ಡೀಸೆಲ್ ದಂಡ ಅಲ್ಲ. ಹುಡುಗ ಬಂದಾಗ ಅವನ ಹತ್ತಿರ ಆ ಖಾಲಿ ಎಳೆತಗಳ ಬಗ್ಗೆಯೇ ಜಾಸ್ತಿ ಕೇಳುತ್ತೇನೆ.

ಗೋಣಿಕೊಪ್ಪ ಸಂತೆ

ನಾವು ಬೆಟ್ಟದ ಮೇಲಿನವರು, ಇದರಲ್ಲಿ ನಮ್ಮದೇನಿದೆ ಅಂತ ಕೆಲವರು ಕೇಳಬಹುದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದಾಗ ಮೀನಿಗೆ ಎಷ್ಟು ಪರದಾಡಿದೆವು ನೆನಪಿದೆಯಲ್ಲ. ರಸ್ತೆಯನ್ನು ರಿಪೇರಿ ಮಾಡಬಹುದು, ಕಡಲಿನಲ್ಲಿ ಮೀನೇ ಮುಗಿದರೆ ಏನು ಮಾಡುವುದು?

ಧಕ್ಕೆಯಲ್ಲಿ ಕೊಡಗಿನವ

ನನ್ನ ತಕರಾರು ಪೂರ್ತಿ ಹೋಗಿಲ್ಲ. ಖಾಲಿ ಜಾಗದಲ್ಲಿ ಎಳೆಯುವ ಕಾರಣ ಒಪ್ಪಿದೆ. ಆದರೆ ಇವತ್ತು ಇಲ್ಲಿ ಬರೆದ ಇಷ್ಟು ವಿಷಯವನ್ನು ಧಕ್ಕೆಯಲ್ಲಿ ಯಾರೂ ಬಂದು ಕನ್ನಡದಲ್ಲೋ ತುಳುವಿನಲ್ಲೋ ಕೂತು ಹೇಳಿದ್ದನ್ನು ನಾನು ನೋಡಿಲ್ಲ. ಆಗಸ್ಟ್ 1ಕ್ಕೆ ಬೋಟು ಇಳಿಯುವ ಮೊದಲು ಹೋದ ವರ್ಷದ ಸಮೀಕ್ಷೆಯ ಫಲಿತಾಂಶ ಒಂದು ಹಾಳೆಯಲ್ಲಿ ಅಂಟಿಸಲಿ. ಹಡಗಿನಲ್ಲಿ ಒಬ್ಬ ತಾಂಡೇಲನಿಗೂ ಜಾಗ ಕೊಡಲಿ. ತಂತಿ ಸಮ ಇದೆಯಾ ಅಂತ ಅವನೇ ನೋಡುತ್ತಾನೆ.

ನಾಪೋಕ್ಲು ಟು ಕೊಚ್ಚಿ

ತಾಂಡೇಲರನ್ನು ಹತ್ತಿಸಿಕೊಳ್ಳಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ, ನಾನೂ ಅದನ್ನೇ ಕೇಳುತ್ತಿರುವವಳು. ಹಾಳೆಯಲ್ಲಿ ಏನೇನು ಇದ್ದರೆ ನಿಮ್ಮವರು ಓದುತ್ತಾರೆ? ಜಾತಿ, ಆಳ, ಗಂಟೆಗೆ ಎಷ್ಟು ಕೆ.ಜಿ., ಸರಾಸರಿ ಉದ್ದ, ಹಿಂದಿನ ವರ್ಷದ್ದು ಪಕ್ಕದಲ್ಲಿ. ಇಷ್ಟು ಸಾಕಾ?

ಧಕ್ಕೆಯಲ್ಲಿ ಕೊಡಗಿನವ

ಎಳೆದ ಜಾಗದ ಗುರುತನ್ನೂ ಹಾಕಿ. ಅದಿಲ್ಲದಿದ್ದರೆ ಯಾರೂ ನಂಬುವುದಿಲ್ಲ. ಗುರುತು ಇದ್ದರೆ ನಮ್ಮ ಬೋಟುಗಳು ಅದೇ ಕಡೆ ಹೋದಾಗ ಏನು ಸಿಕ್ಕಿತು ಅಂತ ನಾನೇ ಕೇಳಿ ಬರೆದು ಕಳಿಸುತ್ತೇನೆ.

ಪೊನ್ನಂಪೇಟೆ ಮೇಷ್ಟ್ರು

ಬರೆಯುವಾಗ ಏನೂ ಸಿಗದಿದ್ದ ದಿನವನ್ನೂ ಬರೆಯಿರಿ. ಸೊನ್ನೆ ಅಂತ ಹಾಕಿ, ಜಾಗ ಖಾಲಿ ಬಿಡಬೇಡಿ.